ಕೆಳಗಿಡದ ಐದನೇ ಕಲ್ಲು

ಒಂದು ಒಂಟೆ ಕೊಳ್ಳಬೇಕಾದರೆ ನಮ್ಮ ಜನ ಎಂಟು ದಿನ ತೆಗೆದುಕೊಳ್ಳುತ್ತಾರೆ. ಹಲ್ಲು ನೋಡುತ್ತಾರೆ, ಪಾದ ಎತ್ತಿ ನೋಡುತ್ತಾರೆ, ಅದರ ತಾಯಿ ಎಷ್ಟು ಹಾಲು ಕೊಡುತ್ತಿತ್ತು ಎಂದು ಮೂರು ಊರು ಸುತ್ತಿ ವಿಚಾರಿಸುತ್ತಾರೆ. ಅದೇ ಜನ ಒಂದು ಇಡೀ ದೇಶವನ್ನು ಐದು ದಿನದಲ್ಲಿ ಕೊಟ್ಟು ಕೈತೊಳೆದುಕೊಂಡರು. ೧೯೬೦ರ ಜೂನ್ ಇಪ್ಪತ್ತಾರಕ್ಕೆ ಇಂಗ್ಲಿಷರು ಹೋದರು, ನಮ್ಮ ಸೊಮಾಲಿಲ್ಯಾಂಡ್ ಸ್ವತಂತ್ರವಾಯಿತು. ಜುಲೈ ಒಂದಕ್ಕೆ ಇಟಲಿಯವರು ದಕ್ಷಿಣದ ಸೊಮಾಲಿಯಾ ಬಿಟ್ಟರು. ಅದೇ ದಿನ ನಮ್ಮದನ್ನು ಅದರೊಳಗೆ ಸೇರಿಸಿಬಿಟ್ಟರು. ಷರತ್ತು ಏನು ಎಂದು ಕೇಳಿದವನನ್ನು ದ್ರೋಹಿ ಎಂದರು. ನನ್ನನ್ನೂ ಅಂದರು. ಅನ್ನಲಿ.

ನನ್ನ ಹೆಸರು ಕೋಶಿನ್. ಎಲ್‌ಗುದುದ್‌ನಲ್ಲಿ ಬಂದು ಆ ಹೆಸರು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ಬಸ್ಬಾಸ್ ಎಂದು ಕೇಳಬೇಕು. ಬಸ್ಬಾಸ್ ಎಂದರೆ ಮೆಣಸಿನಕಾಯಿ. ನಮ್ಮಲ್ಲಿ ಕುಂಟನನ್ನು ಕುಂಟ ಎಂದೇ, ಬೋಳನನ್ನು ಬೋಳ ಎಂದೇ ಕರೆಯುತ್ತಾರೆ. ಬಾವಿಯ ಹತ್ತಿರ ಲಾರಿಗಳು ನಿಲ್ಲುವ ಕಡೆ ನನ್ನ ಚಹಾದಂಗಡಿ.

ನಮ್ಮದು ಬುಲ್ಹಾನ್ ಮನೆತನ. ಒಟ್ಟು ಮೂವತ್ತಮೂರು ಗುಡಿಸಲು. ಮೊದಲು ಒಂದು ದೊಡ್ಡ ಮನೆತನದ ಜೊತೆಗಿದ್ದೆವು. ಇಂಗ್ಲಿಷರು ನಮ್ಮ ಹುಲ್ಲುಗಾವಲನ್ನು ಇಥಿಯೋಪಿಯಾದವರಿಗೆ ಬರೆದುಕೊಟ್ಟ ಮೇಲೆ ಆ ಮನೆತನದವರು ಹುಲ್ಲಿನ ಹಿಂದೆಯೇ ಗಡಿಯಾಚೆಗೆ ಹೋಗಿ ಕೂತರು. ನಾವು ಬಾವಿ ಬಿಟ್ಟು ಬರುವುದಿಲ್ಲ ಎಂದು ಬೇರೆಯಾದೆವು. ಸ್ವತಂತ್ರರಾದೆವು ಅನ್ನಿ. ಆದರೆ ಈ ನೆಲದಲ್ಲಿ ಮೂವತ್ತಮೂರು ಗುಡಿಸಲಿನ ಸ್ವಾತಂತ್ರ್ಯ ಎಂದರೆ ದಾರಿಯಲ್ಲಿ ಬಿಟ್ಟ ಕುರಿ. ನಮ್ಮವನನ್ನು ಯಾರಾದರೂ ಕೊಂದರೆ ಕೇಳಲು ಹಿಂದೆ ಜನ ಬೇಕು. ಹಾಗಾಗಿ ಅವಾಲೆ ಮನೆತನವನ್ನು ಸೇರುವುದೆಂದು ಯೋಚಿಸಿದೆವು. ಅವರದು ಆರುನೂರು ಗುಡಿಸಲು. ನನ್ನ ಹೆಂಡತಿ ಎಬ್ಯಾನ್ ಅವರ ಮನೆತನದವಳೇ. ಅವರಿಗೂ ನಾವು ಬೇಕಿತ್ತು. ನಾವು ಅಂದರೆ ನಮ್ಮ ಬಾವಿ. ಎಲ್‌ಗುದುದ್ ಎಂದರೆ ಕೆಂಪು ಬಾವಿ. ನಮ್ಮ ಮುತ್ತಜ್ಜಂದಿರು ಕಲ್ಲು ಒಡೆದು ಹತ್ತಾಳು ಆಳ ಇಳಿಸಿದ್ದು. ಇದುವರೆಗೆ ಒಮ್ಮೆಯೂ ಬತ್ತಿಲ್ಲ.

ಸೇರುವ ಮಾತು ಏಳು ತಿಂಗಳು ನಡೆಯಿತು. ಜಾಲಿ ಮರದ ಕೆಳಗೆ ಕೂತು ಹಗಲೆಲ್ಲ ಮಾತು. ನಮ್ಮ ಕಡೆಯಿಂದ ನನ್ನ ದೊಡ್ಡಪ್ಪ ಸಮತರ್, ಅವರ ಕಡೆಯಿಂದ ವರ್ಸಮೆ. ವರ್ಸಮೆ ಗಡ್ಡಕ್ಕೆ ಗೋರಂಟಿ ಹಚ್ಚಿಕೊಂಡು ಕೂರುತ್ತಿದ್ದ ಠಕ್ಕ. ನಮ್ಮ ದೊಡ್ಡಪ್ಪ ಆಗ ಅವನಿಗಿಂತ ದೊಡ್ಡ ಠಕ್ಕ. ಒಂದು ಮಾತಿಗೆ ಹದಿನೈದು ದಿನ ಹಟ ಹಿಡಿದು, ನಡುವೆ ಎರಡು ಸಲ ಎದ್ದು ಹೋಗಿ, ಕೊನೆಗೆ ಐದು ಷರತ್ತುಗಳಿಗೆ ಅವರನ್ನು ಒಪ್ಪಿಸಿದ.

ನಮ್ಮ ಭಾಷೆಗೆ ಲಿಪಿಯಿಲ್ಲ. ಅದಕ್ಕೇ ನಮ್ಮ ಮನೆತನದಲ್ಲಿ ಷರತ್ತನ್ನು ಮನುಷ್ಯನ ಮೇಲೆ ಹೊರಿಸುತ್ತೇವೆ. ಒಂದು ಷರತ್ತಿಗೆ ಒಬ್ಬ. ಅವನು ಬಾವಿಯ ಬಾಯಿಂದ ಒಂದು ಕಲ್ಲು ಎತ್ತಿಕೊಂಡು ಎಲ್ಲರೆದುರು ತನ್ನ ಷರತ್ತು ಹೇಳುತ್ತಾನೆ. ಆ ಷರತ್ತನ್ನು ಬಿಟ್ಟುಕೊಡುವುದಾದರೆ ಅವನೇ, ಅವನ ಕೈಯಿಂದಲೇ, ಎಲ್ಲರೆದುರು ಕಲ್ಲನ್ನು ನೆಲಕ್ಕಿಡಬೇಕು. ಅವನ ಪರವಾಗಿ ಹಿರಿಯನೂ ಇಡುವಂತಿಲ್ಲ. ಕೊಲೆಯಾದರೆ ಸತ್ತವನ ಕಡೆಯವರಿಗೆ ಪರಿಹಾರವಾಗಿ ಕೊಡುವ ಒಂಟೆಗಳ ಪಾಲು ಒಬ್ಬನಿಗೆ ಬಂತು, ಹುಲ್ಲುಗಾವಲಿನ ಗಡಿ ಇನ್ನೊಬ್ಬನಿಗೆ, ಪಂಚಾಯಿತಿಯಲ್ಲಿ ನಮ್ಮ ಬಾಯಿ ಮತ್ತೊಬ್ಬನಿಗೆ. ನಾಲ್ಕನೆಯದು ಬಾವಿಯದು: ಬೇಸಿಗೆಯಲ್ಲಿ ಮೊದಲ ಸರದಿ ನಮ್ಮದೇ. ಐದನೆಯದು ನನಗೆ ಬಂತು. ಬಾವಿಯಿಂದ ನಮ್ಮನ್ನು ಮೂರು ದಿನ ನೀರಿಲ್ಲದೆ ತಿರುಗಿಸಿ ಕಳಿಸಿದರೆ ನಾವು ಬಂದ ದಾರಿಯಲ್ಲೇ ಹೊರಗೆ, ಬಾವಿಯೂ ನಮ್ಮ ಜೊತೆಗೆ.

"ಇದನ್ನ ಬಸ್ಬಾಸ್‌ಗೇ ಕೊಡಿ" ಎಂದಿದ್ದ ದೊಡ್ಡಪ್ಪ. "ಇವನ ಬಾಯಿಂದ ಏನನ್ನಾದ್ರೂ ಕಿತ್ಕೊಳ್ಳೋನು ಇನ್ನೂ ಹುಟ್ಟಿಲ್ಲ."

"ಹೊರಗೆ ಹೋಗೋ ಮಾತು ಒಳಗೆ ಬರೋವಾಗ್ಲೇ ಯಾಕೋ?" ಎಂದ ವರ್ಸಮೆ.

"ಗುಡಿಸ್ಲು ಕಟ್ಟೋವಾಗ ಬಾಗ್ಲು ಬಿಡಲ್ವಾ? ಹಾಗೇ" ಎಂದೆ.

ಒಪ್ಪಿದರು. ಟಗರು ಕೊಯ್ದೆವು, ಕುರಾನಿನ ಫಾತಿಹಾ ಓದಿದೆವು. ಜಿಲ್ಲಾ ಕಚೇರಿಯ ಇಂಗ್ಲಿಷ್ ಸಾಹೇಬ ಐದು ಷರತ್ತುಗಳನ್ನೂ ಇಂಗ್ಲಿಷಿನಲ್ಲಿ ಟೈಪು ಮಾಡಿಸಿ ಫೈಲಿಗೆ ಹಾಕಿದ. ನಾನು ಹಳ್ಳಿ ಶಾಲೆಯಲ್ಲಿ ನಾಲ್ಕು ವರ್ಷ ಕಲಿತವನು, ಬೆರಳಿಟ್ಟು ಓದಿ ನೋಡಿದೆ, ಸರಿಯಾಗಿತ್ತು. ಕಲ್ಲನ್ನು ಅಂಗಡಿಗೆ ತಂದು ಒಲೆಯ ಪಕ್ಕ ಇಟ್ಟುಕೊಂಡೆ. ಕೆಟಲು ವಾಲದ ಹಾಗೆ ಆನಿಸಲು ಸರಿಹೋಯಿತು.

ಇದಾಗಿ ಎರಡು ತಿಂಗಳಿಗೆ, ಇಂಗ್ಲಿಷರು ಹೊರಡುವ ದಿನ ಹತ್ತಿರವಾದಾಗ, ನನ್ನ ಭಾಮೈದ ಗುಲೇದ್ ಅಂಗಡಿಗೆ ಬಂದ. ಎಬ್ಯಾನಳ ತಮ್ಮ. ಆಗಷ್ಟೇ ಚುನಾವಣೆ ಗೆದ್ದು ನಮ್ಮ ಕಡೆಯಿಂದ ಶಾಸನಸಭೆಯ ಸದಸ್ಯನಾಗಿದ್ದ. ಮೊದಲು ಲುಂಗಿ ಸುತ್ತಿಕೊಂಡು ಕುರಿ ಕಾಯುತ್ತಿದ್ದವನು ಈಗ ಆ ಬಿಸಿಲಿಗೆ ಕೋಟು ಹಾಕಿ, ಟೈ ಕಟ್ಟಿ, ಕಂಕುಳಲ್ಲಿ ಚರ್ಮದ ಚೀಲ ಇಟ್ಟುಕೊಂಡಿದ್ದ. ಚೀಲದಲ್ಲಿ ಏನಿದೆ ಎಂದು ಕೇಳಿದೆ. ಬಾಚಣಿಗೆ ಇತ್ತು.

"ಭಾವ, ಮುಂದಿನ ವಾರ ಮೊಗದಿಶುಗೆ ಹೊರಟೆ. ವಿಮಾನದಲ್ಲಿ" ಎಂದ.

"ಹೋಗು. ಅಲ್ಲಿ ಏನು ಕೇಳ್ತೀರ?"

"ಕೇಳೋದೇನು? ಸೇರ್ತೀವಿ."

"ಷರತ್ತು?"

"ಷರತ್ತಾ?" ಅವನು ಸುತ್ತ ಕೂತಿದ್ದ ಲಾರಿಯವರ ಕಡೆ ನೋಡಿ ನಕ್ಕ. "ಅಣ್ಣತಮ್ಮಂದಿರ ಮಧ್ಯೆ ಷರತ್ತು ಹಾಕೋಕೆ ನಾವೇನು ಮೀನು ಮಾರೋರಾ, ಭಾವ? ಅವ್ರೂ ಸೊಮಾಲಿಗಳು, ನಾವೂ ಸೊಮಾಲಿಗಳು. ತೆರೆದ ಕೈಯಲ್ಲಿ ಹೋಗ್ತೀವಿ. ಲೋಕ ನೋಡ್ಲಿ."

"ನಿನ್ನ ಅಕ್ಕನ್ನ ನನಗೆ ಕೊಡೋವಾಗ ನಿಮ್ಮಪ್ಪನೂ ಸೊಮಾಲಿ, ನಾನೂ ಸೊಮಾಲಿ. ನಾಲ್ಕು ತಿಂಗಳು ಮರದಡಿ ಕೂರಿಸಿ ಮಾತಾಡಿದ್ನಲ್ಲ?"

ಒಳಗಿಂದ ಎಬ್ಯಾನಳ ದನಿ ಬಂತು. "ನಾಲ್ಕಲ್ಲ, ಆರು. ಅದೂ ಸಾಲ್ದಾಯ್ತು ಅಂತ ನನಗೆ ಈಗ ಅನ್ನಿಸ್ತಿದೆ."

ಲಾರಿಯವರು ನಕ್ಕರು. ಗುಲೇದ್ ಕೂಡ ನಕ್ಕ. ನಾನು ಬಿಡಲಿಲ್ಲ.

"ನಮ್ಮ ಕಚೇರಿ ಇಂಗ್ಲಿಷಲ್ಲಿ ನಡೆಯುತ್ತೆ, ಅವರದು ಇಟಲಿ ಭಾಷೇಲಿ. ಸೇರಿದ ಮೇಲೆ ಯಾವ್ದರಲ್ಲಿ?"

"ಕೂತು ಮಾತಾಡಿದ್ರಾಯ್ತು."

"ನಮ್ಮ ಲಾರಿ ಎಡಕ್ಕೆ ಹೋಗುತ್ತೆ, ಅವರದು ಬಲಕ್ಕೆ. ಗಡೀಲಿ ಎದುರಾದ್ರೆ?"

"ಅದನ್ನೆಲ್ಲ ಮುಂದೆ ನೋಡ್ಕೊಳ್ಳೋಣ, ಭಾವ."

"ಮುಂದೆ ನೋಡಬೇಕಾದವನು ಡ್ರೈವರು. ಅಷ್ಟೊತ್ತಿಗೆ ಅವನು ಸತ್ತಿರ್ತಾನೆ. ಹೋಗ್ಲಿ, ಹೊಂದ್ಲಿಲ್ಲ ಅಂದ್ರೆ ಹೊರಗೆ ಬರೋದು ಹೇಗೆ? ಆ ಮಾತು ಯಾರ ಕೈಲಿದೆ?"

ಅವನಿಗೆ ಸಿಟ್ಟು ಬಂತು. "ನೀನು ಮೂವತ್ತಮೂರು ಗುಡಿಸ್ಲಿನ ತಲೆಯವನು. ಇದು ದೇಶ. ದೇಶ ಅಂದ್ರೆ ಬಾವಿ ಸರದಿ ಅಲ್ಲ."

"ಹೌದಪ್ಪ. ಬಾವಿಗಾದ್ರೆ ಏಳು ತಿಂಗಳು ಬೇಕು. ದೇಶಕ್ಕೆ ಐದು ದಿನ ಸಾಕು."

ಚಹಾ ಅರ್ಧಕ್ಕೆ ಬಿಟ್ಟು ಎದ್ದುಹೋದ. ಬಾಚಣಿಗೆಯನ್ನು ಚೀಲಕ್ಕೆ ಹಾಕಿಕೊಳ್ಳುವುದನ್ನು ಮಾತ್ರ ಮರೆಯಲಿಲ್ಲ.

ಜುಲೈ ಎರಡನೇ ವಾರ ಹಿಂತಿರುಗಿ ಬಂದ. ಈಗ ಕನ್ನಡಕವೂ ಬಂದಿತ್ತು, ಕಪ್ಪು. ಅವನಿಗೆಂದು ಎಲ್‌ಗುದುದ್‌ನಲ್ಲಿ ದೊಡ್ಡ ಸಂಭ್ರಮ. ಬಾವಿಯ ಮುಂದಿನ ಬಯಲಿನಲ್ಲಿ ಒಂದು ಲಾರಿ ನಿಲ್ಲಿಸಿ, ಅದರ ಸುತ್ತ ನೀಲಿ ಬಟ್ಟೆ ಕಟ್ಟಿದರು. ಅದರ ಮೇಲೆ ಹೆಂಗಸರು ಹೊಸ ಬಾವುಟದ ಬಿಳಿ ನಕ್ಷತ್ರ ಹೊಲಿದಿದ್ದರು. ಎರಡು ಮನೆತನದವರೂ ಸೇರಿದ್ದರು. ಅನ್ನ, ಕುರಿಮಾಂಸ, ತುಪ್ಪ. ತಿನ್ನುವುದರಲ್ಲಿ ನಮ್ಮ ಜನ ಯಾವತ್ತೂ ಷರತ್ತು ಹಾಕಿದವರಲ್ಲ.

ಗುಲೇದ್ ಲಾರಿ ಹತ್ತಿ ಮೊಗದಿಶುವಿನ ದೀಪ, ಬ್ಯಾಂಡು, ಅಪ್ಪುಗೆ ಎಲ್ಲ ವರ್ಣಿಸಿದ. ಒಪ್ಪಂದದ ಕಾಗದ ಏನಾಯಿತು ಎಂದು ನಾನು ಕೆಳಗಿಂದ ಕೂಗಿದೆ. ನಾವು ಕಳಿಸಿದ ಕಾಗದ ಒಂದು, ಅವರು ಒಪ್ಪಿದ ಕಾಗದ ಇನ್ನೊಂದು, ಎರಡನ್ನೂ ವಕೀಲರು ನಿಧಾನಕ್ಕೆ ಹೊಂದಿಸುತ್ತಾರೆ ಎಂದ. ಜನ ಚಪ್ಪಾಳೆ ತಟ್ಟಿದರು. ವಲ್ಲಾಹಿ, ದೇವರಾಣೆ, ಚಪ್ಪಾಳೆ ತಟ್ಟಿದರು.

ಅಷ್ಟಕ್ಕೇ ಇಳಿದಿದ್ದರೆ ನನಗೂ ಈ ಕಥೆ ಇರುತ್ತಿರಲಿಲ್ಲ. ಅವನಿಗೆ ಮಾತಿನ ಅಮಲು ಏರಿತ್ತು.

"ಇನ್ನು ಮೇಲೆ ಮನೆತನ ಅನ್ನೋದಿಲ್ಲ!" ಎಂದ. "ಅವಾಲೆ ಇಲ್ಲ, ಬುಲ್ಹಾನ್ ಇಲ್ಲ. ದೇಶವೇ ಷರತ್ತಿಲ್ಲದೆ ಸೇರಿರೋವಾಗ ಈ ಊರಲ್ಲಿ ಐದು ಜನ ಕಲ್ಲು ಹಿಡ್ಕೊಂಡು ಕೂತಿದಾರೆ! ನೋಡಿದೋರು ನಗಲ್ವಾ? ಸಮತರಜ್ಜ, ಇವತ್ತು ಈ ಬಾವಿ ಮುಂದೆ ಆ ಕಲ್ಲು ಕೆಳಗಿಡಿಸು. ಇಡೀ ದೇಶಕ್ಕೆ ನೀನೇ ದಾರಿ ತೋರಿಸ್ದಂಗಾಗುತ್ತೆ."

ದೊಡ್ಡಪ್ಪ ಕದಲಲಿಲ್ಲ. ಏಳು ತಿಂಗಳು ಹಟ ಹಿಡಿದ ಮುದುಕ ಒಂದು ಟೈಗೆ ಬಗ್ಗುವವನಲ್ಲ. ಆಗ ವರ್ಸಮೆ ರೋಬ್ಲೆಯ ಭುಜ ತಟ್ಟಿದ.

ರೋಬ್ಲೆ ಅವಾಲೆಯವರ ಕವಿ. ಒಂದೇ ಕಣ್ಣು. ಹಾಡಲು ನಿಂತರೆ ಆ ಕಣ್ಣನ್ನೂ ಮುಚ್ಚಿಕೊಳ್ಳುತ್ತಾನೆ. ನಮ್ಮಲ್ಲಿ ಪದ್ಯದ ಪ್ರತಿ ಸಾಲೂ ಒಂದೇ ಅಕ್ಷರದ ಮೇಲೆ ಕಾಲಿಟ್ಟು ನಡೆಯಬೇಕು. ಹಾಗೆ ನಡೆಸಬಲ್ಲವನ ಮುಂದೆ ಬಂದೂಕಿನವನೂ ಸುಮ್ಮನಾಗುತ್ತಾನೆ. ಅವನು ಕೋಲೂರಿ ನಿಂತು ಶುರುಮಾಡಿದ. ಸಮತರನ ಅಪ್ಪನ ಕುದುರೆಯಿಂದ ಹಿಡಿದು ಅವನ ಮನೆಯ ಹಾಲಿನವರೆಗೆ ಹೊಗಳಿ, ಕೊನೆಗೆ ಹೀಗೆ ನಿಲ್ಲಿಸಿದ:

"ಹಾಲಿನಂಥ ಹಿರಿಯ, ಹನಿಮಳೆಯಂಥ ಕೈಯವನು,
ಹಿಡಿಗಲ್ಲು ಹಿಡಿದು ಹೊಸಿಲಲ್ಲೇ ನಿಲ್ಲುವನೇ?"

ನಮ್ಮ ಜನರ ಕಾಯಿಲೆ ಇದೇ. ಕತ್ತಿ ತೋರಿಸಿ ಕೇಳಿದರೆ ಒಂದು ಕುರಿಯ ಬಾಲವನ್ನೂ ಕೊಡುವುದಿಲ್ಲ. ನಾಲ್ಕು ಜನರೆದುರು ಹೊಗಳಿ ಕೇಳಿದರೆ ಚರ್ಮ ಸುಲಿದು ಕೊಡುತ್ತೇವೆ. ಇಲ್ಲ ಎಂದರೆ ಜಿಪುಣ ಎಂಬ ಪದ್ಯ ಹುಟ್ಟುತ್ತದೆ, ಅದು ಮೊಮ್ಮಕ್ಕಳ ಕಾಲದವರೆಗೂ ಸಾಯುವುದಿಲ್ಲ. ಮೊಗದಿಶುವಿನಲ್ಲಿ ನಮ್ಮ ಕೋಟಿನವರಿಗೆ ಆಗಿದ್ದೂ ಇದೇ ಇರಬೇಕು. ಯಾರೋ ಹೊಗಳಿರಬೇಕು.

ದೊಡ್ಡಪ್ಪ ಎದ್ದು ನಿಂತ. ಕಣ್ಣಲ್ಲಿ ನೀರಿತ್ತು. ಠಕ್ಕ ಮುದುಕ ಸತ್ತು ಅವನ ಜಾಗದಲ್ಲಿ ಮದುಮಗನೊಬ್ಬ ನಿಂತಿದ್ದ.

"ಇಡ್ರೋ ಮಕ್ಕಳೇ" ಎಂದ. "ಕೆಳಗಿಡಿ."

ನಾಲ್ವರು ಗುಡಿಸಲಿಗೆ ಓಡಿಹೋಗಿ ಕಲ್ಲು ತಂದರು. ಒಬ್ಬೊಬ್ಬನೇ ನೆಲಕ್ಕಿಟ್ಟ. ಒಬ್ಬೊಬ್ಬನಿಗೂ ಜಯಕಾರ. ಬಾವಿಯ ಸರದಿ ಹೊತ್ತವನು ಕಲ್ಲಿಗೆ ಮುತ್ತು ಕೊಟ್ಟು ಇಟ್ಟ, ಮುಠ್ಠಾಳ. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು.

"ಬಸ್ಬಾಸ್, ನಿಂದೆಲ್ಲಿ?" ಎಂದ ದೊಡ್ಡಪ್ಪ.

"ಒಲೆ ಹತ್ರ ಇದೆ. ಕೆಟಲಿಗೆ ಆನಿಸಿದೀನಿ."

"ತಗೊಂಡ್ಬಾ."

"ತರಲ್ಲ."

"ನಾನು ಹೇಳ್ತಿದೀನಿ."

"ನೀನೇ ಹೊರಿಸಿದ್ದು ದೊಡ್ಡಪ್ಪ, ಇಳಿಸೋದು ನನ್ನ ಕೈ. ಇವರು ಹೊಗಳಿದ್ದು ನಿನ್ನನ್ನ. ನನ್ನನ್ನ ಯಾರೂ ಹೊಗಳಿಲ್ಲ. ನಾನ್ಯಾಕೆ ಇಡ್ಲಿ?"

ಜನ ಹೋ ಎಂದು ಕೂಗಿದರು. ಯಾರೋ ಒಣ ಸಗಣಿ ಎಸೆದ. ಗುಲೇದ್ ಲಾರಿಯ ಮೇಲಿಂದ, "ಭಾವ, ನಿನ್ನಿಂದ ನನಗೆ ಅವಮಾನ" ಎಂದ. ನನಗೂ ಅವನಿಂದ ಅಷ್ಟೇ ಎಂದೆ. ರೋಬ್ಲೆ ಸುಮ್ಮನಿರುತ್ತಾನೆಯೇ? ನಿಂತ ನಿಲುವಿನಲ್ಲೇ ಕಣ್ಣು ಮುಚ್ಚಿ ಕಟ್ಟಿದ:

"ನಾಲ್ವರು ನಗುತ್ತ ನೆಲಕ್ಕಿಟ್ಟರು ಹೊರೆಯ,
ನಂಜಿನ ಮೆಣಸೊಂದೇ ನಾಲಗೆ ಕಚ್ಚಿ ನಿಂತಿತು."

ಒಳ್ಳೆಯ ಪದ್ಯ. ಅದೇ ನನ್ನ ಗ್ರಹಚಾರ. ಕೆಟ್ಟದಾಗಿದ್ದರೆ ಸಂಜೆಗೆ ಸಾಯುತ್ತಿತ್ತು. ಇದು ಲಾರಿ ಹತ್ತಿ ಬೆರ್ಬೆರಾ ಬಂದರಿನವರೆಗೆ ಹೋಯಿತು. ನೀರು ಸೇದುವವರು ಹಾಡಿದರು, ಮದುವೆಯಲ್ಲಿ ಹಾಡಿದರು. ಅಂಗಡಿಗೆ ಬಂದ ಗುರುತಿಲ್ಲದ ಡ್ರೈವರುಗಳು, "ನಂಜಿನ ಮೆಣಸು, ಒಂದು ಚಹಾ" ಎನ್ನತೊಡಗಿದರು. ಹಾಲು ಕಾಯಿಸುತ್ತ ಎಬ್ಯಾನ್ ಕೂಡ ಗುನುಗುತ್ತಿದ್ದಳು.

"ನಿನ್ನ ಗಂಡನ್ನ ಬೈದಿರೋ ಪದ್ಯ ಕಣೇ ಅದು" ಎಂದೆ.

"ಗೊತ್ತು. ಅದಕ್ಕೇ ಬೇಗ ಬಾಯಿಗೆ ಬಂತು."

ಒಂದು ದಿನ ಒಬ್ಬ ಡ್ರೈವರು ಅದನ್ನು ತಪ್ಪಾಗಿ ಹೇಳಿದ. 'ನಗುತ್ತ' ಎನ್ನುವಲ್ಲಿ 'ಅಳುತ್ತ' ಎಂದುಬಿಟ್ಟ. ಮೂಲೆಯಲ್ಲಿ ರೋಬ್ಲೆ ಚಹಾ ಕುಡಿಯುತ್ತಿದ್ದ. ಲೋಟ ಬಿಸಾಡಿ ಎದ್ದು, ಕೋಲಿನಿಂದ ಆ ಬಡಪಾಯಿಯ ಬೆನ್ನಿಗೆ ಎರಡು ಬಿಟ್ಟ. ಸರಿಯಾಗಿ ಹೇಳುವವರೆಗೆ ಲಾರಿ ಹತ್ತಲು ಬಿಡಲಿಲ್ಲ.

"ನಮ್ಮ ರೋಬ್ಲೆ ಹಾಗೇ" ಎಂದಳು ಎಬ್ಯಾನ್. "ಒಂಟೆ ಹೊಡ್ಕೊಂಡು ಹೋದ್ರೂ ಸಹಿಸ್ತಾನೆ. ಪದ್ಯ ಕೆಡಿಸಿದ್ರೆ ಮಾತ್ರ ಅವನ ಕೈಲಿ ಆಗಲ್ಲ."

ಬೇಸಿಗೆ ಬಂತು. ಆ ವರ್ಷ ಡಿಸೆಂಬರಿಗೇ ಹುಲ್ಲು ಸುಟ್ಟುಹೋಗಿತ್ತು. ಫೆಬ್ರವರಿಗೆ ಸುತ್ತಲಿನ ಬಾವಿಗಳೆಲ್ಲ ಬತ್ತಿದವು, ನಮ್ಮದೊಂದು ಉಳಿಯಿತು. ಅವಾಲೆಯವರ ಆರುನೂರು ಗುಡಿಸಲಿನ ಒಂಟೆಗಳೆಲ್ಲ ಎಲ್‌ಗುದುದ್‌ಗೆ ಬಂದು ನಿಂತವು. ಬಾವಿಯ ಬಾಯಿಂದ ಗುಡ್ಡದವರೆಗೆ ಕತ್ತುಗಳೇ ಕತ್ತುಗಳು.

ನಮ್ಮವರು ಒಂಟೆ ಹೊಡೆದುಕೊಂಡು ಬಂದಾಗ ತೊಟ್ಟಿಯ ಹತ್ತಿರ ವರ್ಸಮೆಯ ಅಣ್ಣನ ಮಗ ಕೋಲು ಅಡ್ಡ ಹಿಡಿದ.

"ಕೊನೆಗೆ ನಿಲ್ಲಿ" ಎಂದ.

"ಇದು ನಮ್ಮ ಬಾವಿ" ಎಂದ ದೊಡ್ಡಪ್ಪ.

"ನಿಮ್ಮದು ನಮ್ಮದು ಅಂತ ಯಾಕಜ್ಜ? ಎಲ್ಲಾ ಒಂದೇ ಅಂತ ನೀನೇ ತಾನೇ ಕಲ್ಲು ಇಡಿಸಿದ್ದು? ಒಂದೇ ಅಂದ ಮೇಲೆ ಮೊದಲೇನು, ಕೊನೆಯೇನು? ನಿಂತ್ಕೊ."

ನಿಂತೆವು. ಕತ್ತಲಾದರೂ ಸರದಿ ಬರಲಿಲ್ಲ, ತಿರುಗಿ ಹೋದೆವು. ಮಾರನೇ ದಿನವೂ ಅದೇ. ಹಿಂದಿನ ದಿನ ಕುಡಿದ ಅವರ ಒಂಟೆಗಳೇ ಮತ್ತೆ ಮುಂದೆ ಬಂದಿದ್ದವು. ಮೂರನೇ ದಿನ ಬಾವಿಯೊಳಗೆ ಇಳಿದು ತೊಗಲಿನ ಕೊಡ ಮೇಲಕ್ಕೆ ಕೊಡುತ್ತಿದ್ದವರು ನಮ್ಮ ಹುಡುಗರೇ, ನೀರು ಕುಡಿದವು ಅವರ ಒಂಟೆಗಳು. ಒಂಟೆಯಾದರೂ ತಡೆಯುತ್ತದೆ. ಕುರಿಗಳು ತಡೆಯಲಿಲ್ಲ. ಎಳೆಯ ಮಕ್ಕಳಿರುವ ಮನೆಗಳಲ್ಲಿ ಹೆಂಗಸರು ಹಾಲಿನ ಪಾತ್ರೆ ಬೋರಲು ಹಾಕಿದರು. ಎಬ್ಯಾನ್ ತೊಟ್ಟಿಯವರೆಗೆ ಹೋಗಿ ತನ್ನ ತವರಿನವರನ್ನು ಹೆಸರು ಹಿಡಿದು ಬೈದು ಬಂದಳು. ಅಷ್ಟು ಬೈಗುಳ ನನಗೂ ಬರುತ್ತಿರಲಿಲ್ಲ. ಅವರು ನಕ್ಕರು.

ಇನ್ನು ನಾಲ್ಕು ದಿನ ಹೀಗೇ ಆದರೆ ನಮ್ಮ ಮೂವತ್ತಮೂರು ಗುಡಿಸಲನ್ನು ಚಾಪೆ ಸುತ್ತಿ ಒಂಟೆಗೆ ಹೇರಿ, ಬಾವಿ ಬಿಟ್ಟು, ಎಲ್ಲಿಗೆ ಎಂದು ಗೊತ್ತಿಲ್ಲದೆ ನಡೆಯಬೇಕಿತ್ತು.

ದೊಡ್ಡಪ್ಪ ಅಂಗಡಿಗೆ ಬಂದು ಕೂತ. ನನ್ನ ಮುಖ ನೋಡಲಿಲ್ಲ, ಒಲೆಯ ಪಕ್ಕದ ಕಲ್ಲು ನೋಡಿದ.

"ಇನ್ನೂ ಇದೆಯೇನೋ?" ಎಂದ.

"ಕೆಟಲು ನಿಲ್ಬೇಕಲ್ಲ" ಎಂದೆ.

ಮೊದಲು ಜಿಲ್ಲಾ ಕಚೇರಿಗೆ ಹೋದೆ. ಇಂಗ್ಲಿಷ್ ಸಾಹೇಬನ ಕುರ್ಚಿಯಲ್ಲಿ ದಕ್ಷಿಣದಿಂದ ಬಂದ ಹೊಸ ಅಧಿಕಾರಿ ಕೂತಿದ್ದ. ಒಳ್ಳೆಯ ಮನುಷ್ಯನೇ, ಕಾಫಿ ಕೊಟ್ಟ. ಫೈಲು ತರಿಸಿ ತಿರುವಿ ನೋಡಿದ.

"ಇದು ಇಂಗ್ಲಿಷ್" ಎಂದ. "ನಾನು ಓದಿದ್ದು ಇಟಾಲಿಯನ್."

"ನಾನು ಓದಿ ಹೇಳ್ತೀನಿ."

"ನೀನು ಕಕ್ಷಿದಾರ. ನೀನು ಓದಿದ್ದು ನಡೆಯಲ್ಲ. ಮೊಗದಿಶುಗೆ ಕಳಿಸಿ ಅನುವಾದ ಮಾಡಿಸ್ತೀನಿ."

"ಯಾವಾಗ ಬರುತ್ತೆ?"

"ಮಳೆಗಾಲದ ಹೊತ್ತಿಗೆ."

"ಸಾಹೇಬ್ರೇ, ಮಳೆ ಬಂದ್ಮೇಲೆ ಬಾವಿ ಯಾರಿಗೆ ಬೇಕು?"

ಅವನು ನಿಜವಾಗಿಯೂ ಬೇಸರಪಟ್ಟ. ಇನ್ನೊಂದು ಕಾಫಿ ಕೊಟ್ಟ. ಗುಲೇದ್ ಬಿಟ್ಟುಕೊಟ್ಟು ಬಂದ ದೇಶದಲ್ಲಿ ನನಗೆ ಸಿಕ್ಕಿದ್ದು ಆ ಎರಡು ಕಾಫಿ.

ಮರುದಿನ ಪಂಚಾಯಿತಿ ಸೇರಿಸಿದೆ. ಅದೇ ಜಾಲಿ ಮರ. ತೀರ್ಪಿಗೆ ಎರಡೂ ಕಡೆಗೆ ಸೇರದ ಬೇರೆ ಮನೆತನದ ಮೂವರು ಹಿರಿಯರು ಬಂದರು. ನಾನು ಕಲ್ಲನ್ನು ಅವರ ಮುಂದೆ ಎತ್ತಿ ಹಿಡಿದೆ. ಐದನೇ ಷರತ್ತು ಹೇಳಿದೆ. ಮೂರು ದಿನ ತಿರುಗಿಸಿ ಕಳಿಸಿದ್ದಾರೆ, ನಾವು ಹೊರಗೆ, ಬಾವಿ ನಮ್ಮ ಜೊತೆ ಎಂದೆ.

ವರ್ಸಮೆ ಗೋರಂಟಿ ಗಡ್ಡ ನೀವಿಕೊಂಡ. "ಯಾವ ಷರತ್ತು? ಅವತ್ತು ಲಾರಿ ಮುಂದೆ ಐದೂ ಕಲ್ಲು ನೆಲಕ್ಕೆ ಬಿದ್ವು. ಇವನೂ ಇಟ್ಟ. ನಮ್ಮ ಆರುನೂರು ಗುಡಿಸ್ಲಿನೋರು ನೋಡಿದಾರೆ."

"ಸುಳ್ಳು!" ಎಂದೆ. "ಮತ್ತೆ ಈ ಕಲ್ಲೇನು?"

"ಕಲ್ಲಿಗೇನು ಬರ? ನಿನ್ನ ಕಾಲ್ಕೆಳಗೆ ಸಾವಿರ ಇವೆ."

ಹಿರಿಯರು ನಮ್ಮ ನಾಲ್ವರನ್ನು ಕೇಳಿದರು. ಇವನು ಇಡಲಿಲ್ಲ ಎಂದರು. ಅವಾಲೆಯ ನಲವತ್ತು ಜನ ಎದ್ದು ನಿಂತು ಇಟ್ಟ ಎಂದರು, ಗಡ್ಡ ಮುಟ್ಟಿ ಆಣೆಯಿಟ್ಟು. ಹಿರಿಯರಲ್ಲಿ ದೊಡ್ಡವನು, "ಬಸ್ಬಾಸ್, ನಿನ್ನವರು ನಿನ್ನ ಪರ ಹೇಳಿದ್ದಕ್ಕೆ ಬೆಲೆ ಇಲ್ಲ. ಅವರ ಕಡೆಯಿಂದ ಒಬ್ಬ ಹೇಳ್ಬೇಕು" ಎಂದ.

ಆರುನೂರು ಗುಡಿಸಲಿನಲ್ಲಿ ಒಬ್ಬ. ನನಗೆ ಸಿಟ್ಟು ನೆತ್ತಿಗೇರಿತು, ಕಲ್ಲನ್ನು ವರ್ಸಮೆಯ ಗಡ್ಡಕ್ಕೆ ಎಸೆಯಬೇಕು ಅನ್ನಿಸಿತು. ಎಸೆದಿದ್ದರೆ ಕಥೆ ಮುಗಿಯುತ್ತಿತ್ತು, ಕಲ್ಲು ನೆಲಕ್ಕೆ ಬೀಳುತ್ತಿತ್ತಲ್ಲ. ಆಗ ರೋಬ್ಲೆ ಕಣ್ಣಿಗೆ ಬಿದ್ದ. ಎರಡನೇ ಸಾಲಿನಲ್ಲಿ ಕೋಲಿಗೆ ಗದ್ದ ಆನಿಸಿ ಕೂತಿದ್ದ. ಇಟ್ಟ ಎಂದು ಎದ್ದು ನಿಂತ ನಲವತ್ತು ಜನರಲ್ಲಿ ಅವನಿರಲಿಲ್ಲ. ಇಡಲಿಲ್ಲ ಎಂದೂ ಹೇಳಿರಲಿಲ್ಲ. ಎಬ್ಯಾನಳ ಮಾತು ನೆನಪಾಯಿತು.

ಕಲ್ಲನ್ನು ಕಂಕುಳಲ್ಲಿಟ್ಟುಕೊಂಡು ಸೋತವನ ಹಾಗೆ ತಲೆ ಅಲ್ಲಾಡಿಸಿದೆ.

"ಆಯ್ತು ಬಿಡಿ" ಎಂದೆ. "ವರ್ಸಮೆ ಹೇಳೋದೇ ಸರಿ ಇರ್ಬೇಕು. ಊರೆಲ್ಲಾ ಹಾಡೋ ಪದ್ಯದಲ್ಲೂ ಹಾಗೇ ಇದೆಯಲ್ಲ. 'ಐವರು ಅಳುತ್ತ ಕೆಳಗಿಟ್ಟರು ಕಲ್ಲ, ಮೆಣಸಿನಕಾಯಿ ಕೂಡ ಸುಮ್ಮನೆ ಇಟ್ಟಿತು'. ಇಷ್ಟೇ ತಾನೇ? ಏನೋ ಒಂದು, ಮಕ್ಕಳ ಪದ್ಯ."

"ಥೂ!"

ರೋಬ್ಲೆ ಎದ್ದು ನಿಂತಿದ್ದ. ಮುಖ ಕಪ್ಪಿಟ್ಟಿತ್ತು. "ನಿನ್ನ ನಾಲಿಗೆ ಸೇದಿಹೋಗ! ಐವರು ಅಂತೆ ಐವರು! ಅದೆಲ್ಲಿತ್ತೋ ನನ್ನ ಪದ್ಯದಲ್ಲಿ? 'ನ' ಮೇಲೆ ನಡೆಯೋ ಸಾಲಿಗೆ ಐವರನ್ನ ತಂದು ತುರುಕ್ತೀಯಾ, ಚಹಾ ಕಾಸೋನೇ?"

"ಕೂತ್ಕೊಳೋ ರೋಬ್ಲೆ" ಎಂದ ವರ್ಸಮೆ.

"ನೀನು ಸುಮ್ನಿರು! ಕೇಳಿ ಹಿರಿಯರೇ, ಕಿವಿ ತೊಳ್ಕೊಂಡು ಕೇಳಿ." ಕಣ್ಣು ಮುಚ್ಚಿದ. ಕೋಲೂರಿದ. ಅವತ್ತಿನ ಅದೇ ದನಿ.

"ನಾಲ್ವರು ನಗುತ್ತ ನೆಲಕ್ಕಿಟ್ಟರು ಹೊರೆಯ,
ನಂಜಿನ ಮೆಣಸೊಂದೇ ನಾಲಗೆ ಕಚ್ಚಿ ನಿಂತಿತು."

ದೂರದಲ್ಲಿ ಒಂಟೆಯೊಂದು ಗೊರಗುಟ್ಟಿತು.

"ಇದು ನೀನೇ ಕಟ್ಟಿದ್ದಾ?" ಎಂದು ಕೇಳಿದ ದೊಡ್ಡ ಹಿರಿಯ.

"ಇನ್ಯಾರಿಗೆ ಬರುತ್ತೆ ಇಂಥದ್ದು?"

"ಯಾವತ್ತು ಕಟ್ಟಿದ್ದು?"

"ಅವತ್ತೇ. ಲಾರಿ ಮುಂದೆ. ಇವನು ಇಡಲ್ಲ ಅಂತ..." ಅಲ್ಲಿಗೆ ನಿಂತ. ಇದ್ದ ಒಂದು ಕಣ್ಣು ತೆರೆದು ಮೊದಲು ವರ್ಸಮೆಯನ್ನು, ಆಮೇಲೆ ನನ್ನನ್ನು ನೋಡಿದ. ಆಮೇಲೆ ತನ್ನ ಕೋಲನ್ನು ನೋಡಿದ.

"ನಾಲ್ವರು ಅಂದ್ರೆ ನಾಲ್ವರೇ, ಅಲ್ವಾ?" ಎಂದ ಹಿರಿಯ. "ಐದನೆಯವನು ನಿಂತಿದ್ದ."

"ಇಲ್ಲ ಅಂತ ಹೇಳೋ ಒಕ್ಕಣ್ಣ!" ಎಂದು ಕಿರುಚಿದ ವರ್ಸಮೆ. "ಪದ್ಯ ಅಂದ್ಮೇಲೆ ಸುಳ್ಳು ಇರುತ್ತೆ ಅಂತ ಹೇಳು!"

ರೋಬ್ಲೆ ಕೋಲನ್ನು ಎರಡೂ ಕೈಯಲ್ಲಿ ಹಿಡಿದ. ತಾನು ಸುಳ್ಳು ಕಟ್ಟುತ್ತೇನೆ ಎಂದು ಇಷ್ಟು ಜನರೆದುರು ಒಪ್ಪಿಕೊಂಡರೆ ನಾಳೆಯಿಂದ ಅವನ ಪದ್ಯವನ್ನು ಯಾವ ನೀರು ಸೇದುವವನೂ ಹಾಡುವುದಿಲ್ಲ.

"ನನ್ನ ಪದ್ಯದಲ್ಲಿ ಸುಳ್ಳಿಲ್ಲ" ಎಂದು ಹೇಳಿ ಕೂತ.

ಆರುನೂರು ಗುಡಿಸಲಿಗೆ ಒಬ್ಬ ಸಿಕ್ಕಿದ. ಅದೂ ಸತ್ಯದ ಮೇಲಿನ ಪ್ರೀತಿಗಲ್ಲ, ಒಂದು ಅಕ್ಷರದ ಮೇಲಿನ ಹಟಕ್ಕೆ. ನನಗೆ ಅಷ್ಟು ಸಾಕಿತ್ತು. ಮೂವರು ಹಿರಿಯರು ಎದ್ದು ಹೋಗಿ ಪಕ್ಕದ ಮರದಡಿ ಮಾತಾಡಿ ಬಂದರು. ಬುಲ್ಹಾನ್ ಮನೆತನ ಬಂದ ದಾರಿಯಲ್ಲೇ ಹೊರಗೆ, ಬಾವಿ ಅವರ ಜೊತೆ ಎಂದರು. ಅವತ್ತು ಸಂಜೆಗೆ ಮುಂಚೆ ನಮ್ಮ ಕುರಿಗಳು ಕುಡಿದವು, ಆಮೇಲೆ ನಮ್ಮ ಒಂಟೆಗಳು, ಆಮೇಲೆ ಅವರವು. ನೀರು ಕೊಡದೆ ಯಾರನ್ನೂ ಸಾಯಿಸುವವರಲ್ಲ ನಾವು. ಆದರೆ ವರ್ಸಮೆಯ ಅಣ್ಣನ ಮಗನನ್ನು ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದೆ. ಮೊದಲೇನು, ಕೊನೆಯೇನು ಎಂದು ಅವನನ್ನು ಕೇಳುವುದನ್ನೂ ಮರೆಯಲಿಲ್ಲ.

ದೊಡ್ಡಪ್ಪ ಈಗ ಇನ್ನೊಂದು ಮನೆತನದ ಜೊತೆ ಸೇರುವ ಮಾತು ತೆಗೆದಿದ್ದಾನೆ. ಮೂರು ತಿಂಗಳಾಯಿತು, ಒಂದು ಷರತ್ತೂ ಮುಗಿದಿಲ್ಲ. ಅವರ ಕಡೆ ಕವಿ ಯಾರಾದರೂ ಬಾಯಿ ತೆರೆದರೆ ಮುದುಕ ಎರಡೂ ಕಿವಿಗೆ ಬೆರಳು ಹಾಕಿಕೊಳ್ಳುತ್ತಾನೆ.

೧೯೬೧ರ ಜೂನಿನಲ್ಲಿ ಗುಲೇದ್ ಮತ್ತೆ ಬಂದ. ಸೇರಿದ ದೇಶಕ್ಕೆ ಸಂವಿಧಾನ ಬರೆದಿದ್ದಾರಂತೆ, ಜನ ಹೌದು ಅನ್ನಬೇಕಂತೆ, ಅದಕ್ಕೆ ಮತ ಕೇಳಿಕೊಂಡು ಬಂದಿದ್ದ. ಕೋಟು ಮಾಸಿತ್ತು. ಕಪ್ಪು ಕನ್ನಡಕದ ಒಂದು ಕಾಲು ಮುರಿದು ದಾರ ಕಟ್ಟಿದ್ದ. ಒಂದು ಕಾಗದದ ಸಹಿಗೆ ಮೊಗದಿಶುವಿನ ಕಚೇರಿಯಲ್ಲಿ ಹನ್ನೊಂದು ದಿನ ಬಾಗಿಲ ಹೊರಗೆ ಕೂತಿದ್ದನಂತೆ. ಒಳಗೆ ಕರೆದವನಿಗೆ ಇವನ ಇಂಗ್ಲಿಷ್ ತಿಳಿಯಲಿಲ್ಲವಂತೆ, ಇವನಿಗೆ ಅವನ ಇಟಾಲಿಯನ್. ಎಬ್ಯಾನ್ ತಮ್ಮನಿಗೆ ಲಹೋಹ ರೊಟ್ಟಿ, ತುಪ್ಪ ಇಟ್ಟಳು. ಒಂದೂ ಕುಹಕದ ಮಾತಾಡಲಿಲ್ಲ. ಅಷ್ಟರ ಮಟ್ಟಿಗೆ ಸೊರಗಿದ್ದ.

ತಿಂದು ಮುಗಿಸಿ, ಸುತ್ತ ಯಾರೂ ಇಲ್ಲ ಎಂದು ನೋಡಿಕೊಂಡು ಮೆಲ್ಲಗೆ ಕೇಳಿದ.

"ಭಾವ, ನೀವು ಅದ್ಹೆಂಗೆ ಹೊರಗೆ ಬಂದ್ರಿ?"

"ನನ್ನ ಮೇಲೆ ಒಂದು ಬೈಗುಳದ ಪದ್ಯ ಇತ್ತಲ್ಲಪ್ಪ. ಅದರ ಮೇಲೆ ಕಾಲಿಟ್ಟು ಬಂದ್ವಿ." ಕೆಟಲಿಂದ ಅವನ ಲೋಟಕ್ಕೆ ಚಹಾ ಬಗ್ಗಿಸಿದೆ. "ಮೊಗದಿಶುನಲ್ಲಿ ಅವತ್ತು ನಿಮ್ಮಲ್ಲಿ ಯಾರಾದ್ರೂ ಒಬ್ಬ ಆಗಲ್ಲ ಅಂದ್ನಾ? ಯಾರಾದ್ರೂ ನಿಮ್ಮನ್ನ ಬೈದ್ರಾ?"

ಅವನು ಯೋಚಿಸಿದ. ಪಾಪ, ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದ.

"ಇಲ್ಲ ಭಾವ. ಎಲ್ಲಾ ಹೊಗಳಿದ್ರು."

"ಹಾಗಾದ್ರೆ ಚಹಾ ಕುಡಿ" ಎಂದೆ.